ಇ, ಎಲ್, ಎಲ್, ಐ

ಇ, ಎಲ್, ಇನ್ನೊಮ್ಮೆ ಎಲ್, ಐ, ಬೆರಳು ಐ ಮೇಲೆ ನಿಂತಿತು, ನಿಂತು ರಟ್ಟನ್ನು ಟಕಟಕ ಕುಟ್ಟಿತು, ಮಾವನ ಉಗುರು ಬೆಳೆದಿದೆ, ಕತ್ತರಿಸಬೇಕು ಅಂತ ಸೊಸೆ ನಿನ್ನೆಯೂ ಅಂದುಕೊಂಡಿದ್ದಳು — ಬೆಳಿಗ್ಗೆಯಿಂದ ಅವೇ ನಾಲ್ಕು ಅಕ್ಷರ, ತಿಂಡಿ ಬೇಡ, ನೀರು ಬೇಡ, ಇ ಎಲ್ ಎಲ್ ಐ, ಐ ಎಲ್ ಎಲ್, ಇಲ್ ಅಂದರೆ ಹುಷಾರಿಲ್ಲ, ಬಲಗಡೆ ಪೂರ್ತಿ ಬಿದ್ದುಹೋಗಿ, ಮಾತೂ ಹೋಗಿ ಮಂಚ ಹಿಡಿದವರು ಹುಷಾರಿಲ್ಲ ಅಂತ ಬೇರೆ ಹೇಳಬೇಕೆ, ಅಲ್ಲದೆ ಆಗ ಇ ಒಂದು ಮಿಕ್ಕಿಬಿಡುತ್ತದೆ, ಅಂಗಿ ಹೊಲಿದು ಮುಗಿಸಿದ ಮೇಲೆ ಕೈಯಲ್ಲೇ ಉಳಿದ ಗುಂಡಿಯ ಹಾಗೆ. ಮಾತು ಕಲಿಸಲು ಬರುವ ಹುಡುಗಿ ಹೇಳಿ ಹೋಗಿದ್ದಾಳೆ, ಅಂಕಲ್‌ಗೆ ಎಲ್ಲ ಅರ್ಥ ಆಗುತ್ತೆ ಅಕ್ಕ, ಅಕ್ಷರಾನೂ ನೆನಪಿದೆ, ಆದ್ರೆ ಕ್ರಮ ಹಿಂದುಮುಂದಾಗುತ್ತೆ, ಕೆಲವು ಬಿಟ್ಟೂ ಹೋಗುತ್ತೆ, ಆ ಅಕ್ಷರಗಳಿರೋ ಪದ ಯಾವ್ಯಾವುದು ಅಂತ ನೀವೇ ಹುಡುಕಿ ಒಂದೊಂದಾಗಿ ಕೇಳಿ, ಸರಿಯಿದ್ರೆ ಕಣ್ಣು ಮುಚ್ಚಿ ತೆಗೀತಾರೆ. ಎ ಬಿ ಸಿ ಡಿ ಸಾಲಾಗಿ ಬರೆದ ಹಲಗೆ ತಂದಿದ್ದಳು, ಮಾವ ಅದನ್ನು ತಳ್ಳಿಬಿಟ್ಟರು, ಜೀವಮಾನವಿಡೀ ಟೈಪಿಂಗ್ ಕಲಿಸಿದ ಮೇಷ್ಟ್ರಿಗೆ ಬಾಲವಾಡಿ ಹಲಗೆ ಹಿಡಿಸೀತೆ, ಆಮೇಲೆ ಇವಳೇ ಅಂಗಿಯ ಡಬ್ಬದ ರಟ್ಟು ಕತ್ತರಿಸಿ ಟೈಪ್‌ರೈಟರಿನ ಕೀಲಿಗಳಂತೆಯೇ ಅಕ್ಷರ ಬರೆದುಕೊಟ್ಟಳು. ಅಂಗಿ ಗಂಡನದು. ರಟ್ಟು ಕಂಡದ್ದೇ ಮಾವನ ಎಡಗೈ ತಾನಾಗಿ ಬಂದು ಕೂತಿತು, ಕಿರುಬೆರಳು ಸೀದಾ ಎ ಮೇಲೆ, ಅದರ ಮನೆ ಅದು, ಇವತ್ತಿಗೂ ಬಿಟ್ಟು ಏಳುವುದಿಲ್ಲ, ತೋರುಬೆರಳು ಗೇಣು ಹಾಕುವ ಹಾಗೆ ಚಾಚಿಕೊಂಡು ಬಲಗಡೆಯ ಎಲ್ ತನಕ ಹೋಗಿ ಬರುತ್ತದೆ, ಎಲ್ ಒತ್ತಬೇಕಾದದ್ದು ಬಲಗೈ ಉಂಗುರದ ಬೆರಳು, ಅದೀಗ ದಿಂಬಿನ ಮೇಲೆ ಯಾರೋ ಮರೆತುಹೋದ ವಸ್ತುವಿನಂತಿದೆ, ತಪ್ಪು ಬೆರಳಲ್ಲಿ ಒತ್ತಿದ ಹುಡುಗರ ಗೆಣ್ಣಿಗೆ ಸ್ಕೇಲ್ ಬೀಸುತ್ತಿದ್ದವರು, ಈಗ ಎಲ್ಲಕ್ಕೂ ಒಂದೇ ಬೆರಳು. ಅಡುಗೆಮನೆಯಿಂದ ಅತ್ತೆ, ಸಿಕ್ತೇನೇ ಪದ, ಇಂಗ್ಲಿಷ್ ಎಂ.ಎ. ಮಾಡಿದವಳು ನೀನು, ನಾಲ್ಕು ಅಕ್ಷರಕ್ಕೆ ಇಷ್ಟು ಹೊತ್ತಾ, ಇವರೂ ಸರಿ, ಊರ ಹುಡುಗರನ್ನೆಲ್ಲ ಫೇಲ್ ಮಾಡಿದ್ದು ಸಾಲದು ಅಂತ ಈಗ ಸೊಸೆಗೆ ಪರೀಕ್ಷೆ ಇಟ್ಟಿದ್ದಾರೆ.

ಲೈ, ಎಲ್ ಐ ಇ, ಒಂದು ಎಲ್ ಮಿಕ್ಕಿದರೂ ಮಿಕ್ಕಲಿ, ಲೈ, ಮಲಗಬೇಕಾ ಮಾವ — ದಿಂಬು ತೆಗೆದು ಮಲಗಿಸಿದಳು, ಮಾವ ಕತ್ತು ಎತ್ತಿ ಗುರುಗುಟ್ಟಿದರು, ಮತ್ತೆ ಕೂರಿಸಿದಳು, ಆಗ ಲೈಗೆ ಇನ್ನೊಂದು ಅರ್ಥವೂ ಇದೆಯೆಂದು ಹೊಳೆಯಿತು, ಸುಳ್ಳು, ಸುಳ್ಳು ಹೇಳ್ತಿದ್ದೀಯ ಅನ್ನುತ್ತಿದ್ದಾರಾ, ದಿನಾ ಬೆಳಿಗ್ಗೆ ಮುಖ ಒರೆಸುತ್ತ ಹೇಳುವುದೇ ಅಲ್ಲವೆ, ಅವರು ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ ಮಾವ, ಬರ್ತಾರೆ, ಹೇಳಿ ಹೇಳಿ ಈಗ ನಾಲಿಗೆ ಎಡವುವುದೂ ಇಲ್ಲ. ಮಾವ ಆಸ್ಪತ್ರೆಯಲ್ಲಿ ಎಚ್ಚರತಪ್ಪಿ ಬಿದ್ದಿದ್ದಾಗ ಅವನು ಮನೆಯಿಂದ ಅಪ್ಪನ ಕನ್ನಡಕ ತರುತ್ತೇನೆಂದು ಸ್ಕೂಟರ್ ಹತ್ತಿದ, ಕನ್ನಡಕ ಬಂತು, ಪೊಲೀಸಿನವನೊಬ್ಬ ತಂದುಕೊಟ್ಟ, ಗಾಜಿಗೊಂದು ಗೀರೂ ಬಿದ್ದಿರಲಿಲ್ಲ, ಮಾವನ ಮೂಗಿನ ಮೇಲೆ ಕೂತಿರುವುದು ಅದೇ. ಅತ್ತೆ ಅವತ್ತೇ ಕೈ ಹಿಡಿದುಕೊಂಡು ಹೇಳಿದ್ದರು, ತಿಳಿದರೆ ಇವರೂ ಉಳಿಯಲ್ಲ ಕಣೇ, ಇಬ್ಬರನ್ನೂ ಕಳಕೊಳ್ಳೋ ಶಕ್ತಿ ನನಗಿಲ್ಲ, ಇವರೆದುರಿಗೆ ಅಳಬೇಡ — ಅಳು ಬಂದರೆ ತಾನೆ, ಬಂದಿಲ್ಲ, ಕಣ್ಣು ಒಣಗಿದ ನಲ್ಲಿ. ಎದ್ದಳು, ಕಿಟಕಿ ತೆರೆದಳು, ಮುಚ್ಚಿದಳು, ಫೋನ್ ತೆಗೆದಳು, ಇಂಥಿಂಥ ಅಕ್ಷರವಿರುವ ಪದ ಬೇಕು ಎಂದರೆ ಹೆಕ್ಕಿಕೊಡುವ ಪುಟವೊಂದಿದೆ, ನಾಲ್ಕನ್ನೂ ಕೊಟ್ಟಳು, ಸಾಲುಸಾಲಾಗಿ ಸುರಿಯಿತು, ಲಿಟಲ್, ಸ್ವಲ್ಪ ಬೇಕಾ ಮಾವ, ಏನಾದರೂ ಸ್ವಲ್ಪ, ಇಲ್ಲ, ವಿಲೇಜ್, ಊರಿಗೆ ಹೋಗಬೇಕಾ, ಇಲ್ಲ, ಫಿಲ್ಡ್, ಹೊಟ್ಟೆ ತುಂಬಿದೆಯಾ, ಮಾವನ ಕಣ್ಣುಗಳು ರೆಪ್ಪೆ ಹೊಡೆಯದೆ ಇವಳನ್ನೇ ನೋಡುತ್ತವೆ, ಇಲೀಗಲ್, ಇಂಟೆಲಿಜೆಂಟ್, ಹಾ, ಅದಂತೂ ನಾನಲ್ಲ, ಸ್ಕಿಲೆಟ್ ಅಂದರೆ ಬಾಣಲೆ, ಅದರ ಕೆಳಗೆ ಕಿಲ್ಡ್ — ಫೋನನ್ನು ಬೋರಲು ಹಾಕಿದಳು. ಮಾವನ ಕಿರುಬೆರಳು ಎ ಮೇಲಿದೆ. ಇ, ಎಲ್, ಎಲ್, ಐ, ಟಕಟಕ.

ಪ್ರತಿ ಸಲವೂ ಇ ಮೊದಲು, ಐ ಕೊನೆಗೆ, ಒಂದು ಸಲವೂ ಅದಲುಬದಲಾಗಿಲ್ಲ, ಆ ಹುಡುಗಿ ಕ್ರಮ ತಪ್ಪುತ್ತೆ ಅಂದಳು, ಇವಳು ನಂಬಿ ಅಕ್ಷರಗಳನ್ನು ಬೆಳಿಗ್ಗೆಯಿಂದ ಕಲಸಿ ಕಲಸಿ ಹುಡುಕಿದಳು, ಕ್ರಮ ತಪ್ಪಿದರೆ ಸ್ಕೇಲ್ ಎತ್ತುತ್ತಿದ್ದ ಮೇಷ್ಟ್ರು, ಇವರಿಗೆ ತಪ್ಪುತ್ತದೆಯೆ — ಕಲಸದೆ, ಅಕ್ಷರದ ಹೆಸರು ಬಿಟ್ಟು ಸದ್ದು ಹಿಡಿದು, ಕಾಗುಣಿತ ಓದುವ ಮಗುವಿನಂತೆ ಬಾಯಲ್ಲಿ ಜೋಡಿಸಿದಳು, ಬಾಯಿ ತಾನಾಗಿ ಅಂದಿತು, ಎಲ್ಲಿ. ಎಲ್ಲಿ. ಇಂಗ್ಲಿಷೇ ಅಲ್ಲ ಅದು. ಅಯ್ಯೋ, ಸಂಜೆಯಾದರೆ ಅವನ ಅಂಗಿಜೇಬಿನಲ್ಲಿ ಫೋನ್ ಗುಂಯ್ ಅನ್ನುತ್ತಿತ್ತು, ನೋಡು ಬಂತು ಮೇಷ್ಟ್ರ ತಂತಿ, ಅಂತ ತೆಗೆದು ತೋರಿಸುತ್ತಿದ್ದ, ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಒಂದು ಕನ್ನಡ ಪದ, ಎಲ್ಲಿ, ಫುಲ್‌ಸ್ಟಾಪ್ ಬಿಟ್ಟವರಿಗೆ ಅಂಕ ಕತ್ತರಿಸ್ತಿದ್ದೋರು ಮಗನಿಗೆ ಒಂದು ಪ್ರಶ್ನೆ ಚಿಹ್ನೆಯನ್ನೂ ದಾನ ಮಾಡಲ್ಲ ನೋಡು, ಅಂತ ನಗುತ್ತಿದ್ದ, ಬಂದೆ ಅಂತ ಒತ್ತುತ್ತಿದ್ದ, ಮದುವೆಯಾದ ಹೊಸದರಲ್ಲಿ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಎಲ್ಲಿ ಅಂತ ತಾನು ಕೇಳುವ ಮೊದಲೇ ಅವರು ಕೇಳಿಬಿಡುತ್ತಿದ್ದರು. ಈಗ ತನ್ನನ್ನೇ ಕೇಳುತ್ತಿದ್ದಾರೆ. ಏನನ್ನಲಿ, ಹೊರಗೆ ಹೋಗಿದ್ದಾರೆ ಅಂದರೆ ಮತ್ತೆ ಇ, ಮತ್ತೆ ಎಲ್, ನಾಳೆಯೂ, ಉಸಿರಿರುವವರೆಗೂ ಕುಟ್ಟುತ್ತಾರೆ, ಉಸಿರು ನಿಲ್ಲುತ್ತದೆಂದು ತಾನೆ ಅತ್ತೆಯ ಭಯ, ಅಪ್ಪ ಮಗನನ್ನು ಎಲ್ಲಿ ಅಂತ ಕೇಳುತ್ತ ಕೇಳುತ್ತ ಹೋದರೆ ಅದು ಉಳಿಸಿಕೊಂಡಂತೆಯೆ. ಸಿಕ್ತೇನೇ, ಅಂತ ಅತ್ತೆ ಬಾಗಿಲಿಗೇ ಬಂದರು, ಕೈ ಒದ್ದೆ, ಸೆರಗಿಗೆ ಒರೆಸಿಕೊಳ್ಳುತ್ತ, ಸಿಕ್ತು ಅತ್ತೆ, ಏನಂತೆ, ಇವಳು ತಿರುಗಲಿಲ್ಲ. ಬಾಯಲ್ಲಿ ಹೇಳಲಾರಳು, ಈವರೆಗೆ ಯಾರಿಗೂ ಹೇಳಿಲ್ಲ, ಎಲ್ಲರೂ ಇವಳಿಗೆ ಹೇಳಿದವರೇ. ರಟ್ಟಿನ ಮೇಲೆ ಬೆರಳಿಟ್ಟಳು, ಮಾವನ ಬೆರಳ ಪಕ್ಕದಲ್ಲೇ, ಐ. ಮಾವನ ಕಣ್ಣು ಅಲ್ಲಿಗೆ ಇಳಿಯಿತು. ಎಲ್. ಮತ್ತೆ ಎಲ್. ಅವೇ ಅಕ್ಷರ, ಇನ್ನೊಂದು ಬೇಕು ಅಷ್ಟೆ, ಇಲ್ಲ ಅನ್ನುವುದಕ್ಕೆ ಕೊನೆಯಲ್ಲೊಂದು ಎ ಬೇಕು, ಎ ಕಾಣುತ್ತಿಲ್ಲ, ಅದರ ಮೇಲೆ ಕಿರುಬೆರಳು ಕೂತಿದೆ, ಸರಿಸಲಾ, ಅತ್ತೆಯ ಉಸಿರು ಬೆನ್ನ ಹಿಂದೆ, ಏನೇ ಅದು, ಏನು ತೋರಿಸ್ತಿದ್ದೀಯ, ಸರಿಸಲಾರೆ, ಇವಳ ಬೆರಳು ಗಾಳಿಯಲ್ಲಿ ತಡೆದು ನಿಂತಿತು, ಮಾವ ಅದನ್ನು ನೋಡಿದರು, ಇವಳನ್ನು ನೋಡಿದರು, ಎಂದೂ ಏಳದ ಆ ಕಿರುಬೆರಳು, ನಿಧಾನಕ್ಕೆ, ಎ ಬಿಟ್ಟು ಮೇಲೆದ್ದಿತು — ಎದ್ದ ಕಿರುಬೆರಳು — ಅದರ ಕೆಳಗೆ ಖಾಲಿ ಎ