ಹೂಂಗುಟ್ಟುವ ರಸ್ತೆ

ಸೇತುವೆ ದಾಟಿದ ಮೇಲೂ ಅಂದಪ್ಪ ಹೂಂ ಅನ್ನಲಿಲ್ಲ.

ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು ಕೂತಿದ್ದ ಅವನ ಹೆಂಡತಿ ಮಾಳವ್ವ ಮಾತು ನಿಲ್ಲಿಸಿ ಕಾದಳು. ಶಿಗ್ಲಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ ಈ ಸಣ್ಣ ಸೇತುವೆ ಹೂಂ ಅನ್ನುವ ಜಾಗ. ರಸ್ತೆ ಒಂದು ಎತ್ತರದಲ್ಲಿ, ಸೇತುವೆ ಇನ್ನೊಂದು ಎತ್ತರದಲ್ಲಿ. ನಡುವಿನ ಸಂದಿಗೆ ಹಾಕಿದ ಡಾಂಬರು ಪ್ರತಿ ಮಳೆಗಾಲದಲ್ಲೂ ಹಳ್ಳದ ಮೀನಿನ ಜೊತೆ ಹೋಗಿಬಿಡುತ್ತಿತ್ತು. ಮದುವೆಯಾದಾಗಿನಿಂದ ಈ ಜಾಗಕ್ಕೆ ಬಂದಾಗಲೆಲ್ಲ ಗಂಡ ಗಟ್ಟಿಯಾಗಿ ಹೂಂ ಅಂದದ್ದನ್ನು ಅವಳ ಕಿವಿ ಕೇಳಿದೆ. ಹೂಂ ಅನ್ನುವವರಿಲ್ಲದೆ ಮಾತಾಡುವುದು ಒಲೆ ಹೊತ್ತಿಸದೆ ರೊಟ್ಟಿಯ ಹಂಚು ಇಟ್ಟ ಹಾಗೆ ಎಂಬುದು ಮಾಳವ್ವನ ಅಭಿಪ್ರಾಯ.

"ಯಾಕ್ರೀ, ಹೂಂ ಅನ್ನವಲ್ರಿ?"

"ಹೂಂ," ಎಂದ ಅಂದಪ್ಪ, ತಡವಾಗಿ.

"ನಾ ಏನಂದೆ?"

ಅಂದಪ್ಪ ಪೆಡಲ್ ತುಳಿಯುವುದನ್ನು ಮಾತ್ರ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವನು ಆ ಹೊತ್ತಿನಲ್ಲಿ ಏನನ್ನೂ ಯೋಚಿಸುತ್ತಿರಲಿಲ್ಲ. ಬಹಳ ವರ್ಷಗಳ ಮೇಲೆ ಅವನಿಗೆ ತನ್ನ ಸೊಂಟ, ಬೆನ್ನು, ಅಂಗೈ ಯಾವುದೂ ನೆನಪಿಗೆ ಬಾರದ ಒಂದು ಬೆಳಗು ಸಿಕ್ಕಿತ್ತು. ಅದನ್ನು ಕೆಡಿಸಿಕೊಳ್ಳದೆ ಮೆಲ್ಲಗೆ ಸವಿಯುತ್ತಿದ್ದ.

ಹಿಂದಿನ ಸಂಜೆಯಷ್ಟೇ ಆ ಸೈಕಲ್ಲಿಗೆ ಎರಡು ಹೊಸ ಅಂಗ ಕೂಡಿದ್ದವು. ಅವನ ಅಳಿಯ ಕಳಕೇಶ ಗದಗದ ಸೈಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ನಸುಕಿನಲ್ಲೇ ಎದ್ದು, ಹೆಲ್ಮೆಟ್ಟು ಹಾಕಿಕೊಂಡು, ಎಲ್ಲಿಗೂ ಹೋಗುವುದಿಲ್ಲದಿದ್ದರೂ ಎಲ್ಲೆಲ್ಲೋ ಹೋಗಿ ಬರುವ ಉಳ್ಳವರು ಅಲ್ಲಿಯ ಗಿರಾಕಿಗಳು. ಅವರು ಮೊನ್ನೆ ಹಾಕಿಸಿದ್ದನ್ನು ಇವತ್ತು ಬಿಚ್ಚಿಸಿ ಇನ್ನೊಂದನ್ನು ಹಾಕಿಸುತ್ತಾರೆ. ಲಕ್ಷ್ಮೇಶ್ವರದ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲದ ಬಾಯಿ ಹೊಲಿಯುವ ಮಾವನಿಗೆ ಅಂಗೈ ಜೋಮು ಹಿಡಿದು ದಬ್ಬಣ ಜಾರತೊಡಗಿದೆ ಎಂದು ಹೆಂಡತಿ ಕಾವೇರಿಯಿಂದ ತಿಳಿದಾಗ, ಕಳಕೇಶ ಹಾಗೆ ಬಿಚ್ಚಿಟ್ಟ ಎರಡು ಸಾಮಾನು ತಂದುಕೊಟ್ಟ. ಒಂದರ ಹೆಸರು ಸಸ್ಪೆನ್ಷನ್ ಸ್ಟೆಮ್. ಹ್ಯಾಂಡಲ್ಲನ್ನು ಸೈಕಲ್ಲಿಗೆ ಕೂಡಿಸುವ ಕುತ್ತಿಗೆ ಅದು. ಒಳಗೊಂದು ಕೀಲು, ಕೀಲಿಗೊಂದು ರಬ್ಬರು. ರಸ್ತೆಯಲ್ಲಿ ಕುಣಿ ಬಂದರೆ ಹ್ಯಾಂಡಲ್ಲು ತಲೆ ಬಾಗಿಸಿ ನಮಸ್ಕಾರ ಮಾಡಿ ಮತ್ತೆ ನೆಟ್ಟಗಾಗುತ್ತಿತ್ತು. ಇನ್ನೊಂದು, ಸೀಟು ಹೊತ್ತು ನಿಲ್ಲುವ ಕೊಳವೆ. ಅದರ ಹೊಟ್ಟೆಯಲ್ಲಿ ಸ್ಪ್ರಿಂಗು.

ಲಕ್ಷ್ಮೇಶ್ವರದಲ್ಲಿ ಟಂಟಂ ಎಂಬ ಶೇರ್ ಆಟೋಗಳು ನಿಲ್ಲುವಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಶಫೀಕ, ಮಾಳವ್ವ ಗಾಡಿ ಹತ್ತಿ ಮುಂದಾಗಿ ಮನೆಗೆ ಹೋದ ಮೇಲೆ, ಅವನ್ನು ಕೂಡಿಸಿದ್ದ. "ಕಾಕಾ, ಈ ಸ್ಪ್ರಿಂಗು ನಿಮ್ಮ ತೂಕಕ್ಕ ತಕ್ಕಂಗ ಬಿಗೀಬೇಕು," ಎಂದು ತಿರುಪು ಹಿಡಿದು ಕೂತು ಕೇಳಿದ್ದ. "ಊಟಾ ಆಗೈತೋ, ಇಲ್ಲೋ?"

"ಇನ್ನೂ ಇಲ್ಲಪಾ."

"ಹಂಗಾರ ಒಂದು ಸುತ್ತು ಜಾಸ್ತಿ ಬಿಗೀತೇನಿ. ಅವ್ವಾರ ಕೈ ರೊಟ್ಟಿ ಅಂದ್ರ ನೀವು ಕೈ ತೊಳಕೊಳ್ಳೂದು ಮರೀತೀರಿ ಅಂತ ಊರಿಗೇ ಗೊತ್ತೈತಿ."

ಈಗ ಹಿಂದಿನಿಂದ ಅಂಗಿಯ ಚುಂಗು ಜಗ್ಗಿದಂತಾಯಿತು. "ನಿಂದರಸ್ರಿ," ಎಂದಳು ಮಾಳವ್ವ. ಸೈಕಲ್ಲು ನಿಂತಿತು. ಅವಳು ಇಳಿದು ಸೊಂಟ ಒತ್ತಿಕೊಂಡಳು. ಕ್ಯಾರಿಯರಿಗೆ ಯಾವ ಅಳಿಯನೂ ಏನೂ ತಂದುಕೊಟ್ಟಿರಲಿಲ್ಲ. ಸೇತುವೆಯ ಏಟೆಲ್ಲ ಅವಳೊಬ್ಬಳ ಪಾಲಿಗೇ ಬಂದಿತ್ತು.

"ಹಿಂದಕ ಹೋಗಿ ಇನ್ನೊಮ್ಮಿ ದಾಟ್ರಿ ನೋಡೂಣು."

"ಯಾಕ?"

"ದಾಟ್ರಿ ಅಂದ್ರ."

ಅಂದಪ್ಪ ಹಿಂದಕ್ಕೆ ಹೋಗಿ ಮತ್ತೆ ಬಂದ. ಮಾಳವ್ವ ಸೇತುವೆಯ ಕಟ್ಟೆಗೆ ಒರಗಿ, ಕಿವಿಯ ಮೇಲಿನ ಸೆರಗು ಸರಿಸಿ, ಹೃದಯ ಪರೀಕ್ಷೆ ಮಾಡುವ ಡಾಕ್ಟರರ ಹಾಗೆ ತಲೆ ವಾರೆ ಮಾಡಿ ನಿಂತಿದ್ದಳು. ಹ್ಯಾಂಡಲ್ಲು ನಮಸ್ಕಾರ ಮಾಡಿತು. ಸೀಟು ಕೆಳಗಿಳಿದು ಮೇಲೆದ್ದಿತು. ಅಂದಪ್ಪನ ಬಾಯಿಂದ ಸದ್ದಿಲ್ಲ.

ಅಷ್ಟು ಹೊತ್ತಿಗೆ ಎದುರಿನಿಂದ ಹಾಲು ಮಾರುವ ಸಕ್ರಪ್ಪ ತನ್ನ ಹಳೆಯ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬಂದ. ಗಂಡ ಹೆಂಡತಿ ನಡುದಾರಿಯಲ್ಲಿ ನಿಂತದ್ದು ನೋಡಿ ಏನೋ ಕೇಳಲು ಬಾಯಿ ತೆರೆದವನ ಮುಂದಿನ ಗಾಲಿ ಸಂದಿಗೆ ಇಳಿಯಿತು.

"ಹೂಂ!" ಎಂದ ಸಕ್ರಪ್ಪ.

ಯಾರೂ ಅವನಿಗೆ ಏನನ್ನೂ ಹೇಳಿರಲಿಲ್ಲ.

ಸಕ್ರಪ್ಪ ಆಚೆ ಹೋದ ಮೇಲೂ ಮಾಳವ್ವ ಅವನ ಬೆನ್ನನ್ನೇ ನೋಡುತ್ತ ನಿಂತಳು. ಆಮೇಲೆ ಗಂಡನತ್ತ ತಿರುಗಿದಳು. ದೊಡ್ಡ ಮಾತಿನ ಮುನ್ನ ಅವಳ ದನಿ ಯಾವಾಗಲೂ ಸಣ್ಣದಾಗುತ್ತದೆ.

"ಅಂದ್ರ, ಕಾವೇರಿ ಲಗ್ನಕ್ಕ ಹೂಂ ಅಂದಾವ ಯಾರು?"

ಅಂದಪ್ಪನಿಗೆ ಆಗ ಹೊಳೆಯಿತು: ಕುಣಿಯ ಏಟಿಗೆ ಹೊರಟ ಹೂಂ ಇವಳ ಲೆಕ್ಕದಲ್ಲಿ ಒಪ್ಪಿಗೆಯಾಗಿತ್ತು. ಮಗಳ ನಿಶ್ಚಿತಾರ್ಥದ ದಿನ ಗದಗದಿಂದ ಬೀಗರು ಬಂದು ಇಳಿದಾಗ ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಎಲ್ಲರೂ ಸಂತೋಷವಾಗಿದ್ದರಿಂದ ಕೇಳುವುದು ಸರಿಯಲ್ಲವೆಂದು ಸುಮ್ಮನಿದ್ದ. ಹಿತ್ತಿಲಿಗೆ ಎಮ್ಮೆ ಬಂದದ್ದೂ, ಮಾಳಿಗೆ ಮುರಿದು ಪತ್ರಾಸಿನ ತಗಡು ಹಾಕಿದ್ದೂ ಹೀಗೇ. ತನ್ನ ಮನೆ ತಾನಾಗಿಯೇ ನಡೆಯುವ ಮನೆ ಎಂದು ಅವನು ಅಲ್ಲಿಯವರೆಗೂ ತಿಳಿದಿದ್ದ.

"ಅಳಿಯ ಚಲೋ ಅದಾನಲ್ಲ," ಎಂದ.

"ಚಲೋನ ಅದಾನ. ಸೇತುವಿ ನೋಡಿ ಕೊಟ್ಟೈತಿ. ನಿಮ್ಮನ್ನ ನಂಬಿದ್ರ ಏನಾಗ್ತಿತ್ತೋ!" ಅವಳು ಕಟ್ಟೆಯನ್ನು ಒಮ್ಮೆ ತಟ್ಟಿದಳು. "ಹ್ವಾದ ವಾರ ಇಲ್ಲೇ ಕೇಳಿದ್ದೆ. ಹುಚ್ಚಪ್ಪನ ಖಾನಾವಳ್ಯಾಗ ಮಂದಿ ಹಿಟ್ಟು ಬಡದು ಬಡದು ಸಾಕಾತು, ಸ್ವಂತ ರೊಟ್ಟಿ ಅಂಗಡಿ ಹಾಕ್ಲೇನು, ಅಂತ. ಹೂಂ ಅಂದ್ರಿ. ನಿನ್ನಿ ಹುಚ್ಚಪ್ಪಗ ಹೇಳಿಬಿಟ್ಟೇನಿ, ಅಮಾಸಿಗೆ ಬಿಡ್ತೇನಂತ. ಅಂಗಡಿಗೆ ಬಸ್‌ಸ್ಟ್ಯಾಂಡ್ ಹಿಂದ ಒಂದು ಕೋಣಿನೂ ನೋಡೇನಿ."

"ಹುಚ್ಚಪ್ಪಗ ಹೇಳಿಬಿಟ್ಟಿ?"

"ನೀವು ಹೂಂ ಅಂದ್ರಿ ಅಂತ ಹೇಳೇನಿ. ಈಗ ಸ್ಪ್ರಿಂಗಿನ ಮ್ಯಾಲ ಕುಂತು ನಿಮ್ಮ ಬಾಯಿಲೆ ಹೇಳ್ರಿ. ಹಾಕ್ಲೋ, ಬ್ಯಾಡೋ?"

ಅಂದಪ್ಪ ಬ್ರೇಕನ್ನು ಒತ್ತಿ ನೋಡಿದ, ಬಿಟ್ಟು ನೋಡಿದ. "ವಿಚಾರ ಮಾಡೂಣು," ಎಂದ.

ಗಂಡಸರ ಬಾಯಿಗೆ ಬರುವ ಮಾತುಗಳಲ್ಲಿ ಅದಕ್ಕಿಂತ ಹಳೆಯದು, ಅದಕ್ಕಿಂತ ಖಾಲಿಯಾದದ್ದು ಇನ್ನೊಂದಿಲ್ಲ. ಮಾಳವ್ವ ಬುತ್ತಿಯ ಚೀಲ ಹೆಗಲಿಗೇರಿಸಿ, ಹಿಂದಿನಿಂದ ಬರುತ್ತಿದ್ದ ಟಂಟಂಗೆ ಕೈ ಮಾಡಿದಳು.

ಅಂದಿನಿಂದ ಅವಳು ಟಂಟಂ ಹಿಡಿದಳು. ಮನೆಯಲ್ಲಿ ಊಟಕ್ಕೆ ಬಡಿಸುತ್ತಿದ್ದಳು, ಎಣ್ಣೆ ತಿಕ್ಕಿಕೊಳ್ಳಲು ಬಟ್ಟಲು ತಂದಿಡುತ್ತಿದ್ದಳು, ಮಾತಿಗೆ ಕಡಿಮೆ ಇರಲಿಲ್ಲ. ಆದರೆ ಎಲ್ಲವೂ "ಉಪ್ಪು ಬೇಕೇನು", "ಬಾಗಲಾ ಹಾಕ್ರಿ" ಎಂಬಂಥ, ಉತ್ತರ ಕೊಟ್ಟರೆ ಮುಗಿದುಹೋಗುವ ಮಾತು. ಅಂದಪ್ಪ ಒಬ್ಬನೇ ಸೈಕಲ್ ತುಳಿದ. ಸುಖಕ್ಕೇನೂ ಕೊರತೆಯಿಲ್ಲ. ಅಂಗೈ ಜೋಮು ಇಳಿದು ಚೀಲದ ಹೊಲಿಗೆ ಮೊದಲಿನಂತೆ ಸಾಲಾಗಿ ಬೀಳತೊಡಗಿತು. ಎರಡೂ ಬದಿಯ ಹತ್ತಿ ಹೊಲ, ಕುಸುಬಿ ಹೊಲ ಸದ್ದಿಲ್ಲದೆ ಸರಿದು ಹೋಗುತ್ತಿದ್ದವು. ದಾರಿ ಮಾತ್ರ ಉದ್ದವಾಗಿತ್ತು. ಹುಚ್ಚಪ್ಪನ ನಾದಿನಿ ಮುಂಡರಗಿಗೆ ಗಂಡನ ಮನೆಗೆ ವಾಪಸ್ಸು ಹೋದಳೋ ಇಲ್ಲವೋ ಎಂಬ ಪ್ರಶ್ನೆ ಒಂದು ಮುಂಜಾನೆ ಸುಮ್ಮಸುಮ್ಮನೆ ಅವನ ತಲೆಗೆ ಬಂದು, ದಿನವಿಡೀ ಹೋಗಲಿಲ್ಲ. ಮಾಳವ್ವ ಹಿಂದೆ ಕೂತು ಹೇಳಿದ್ದ, ತಾನು ಕೇಳಿಸಿಕೊಂಡೇ ಇಲ್ಲವೆಂದು ತಿಳಿದಿದ್ದ ಮಾತು ಅದು. ಎಲ್ಲಿಂದ ಒಳಗೆ ಹೊಕ್ಕಿತ್ತೋ.

ಕೊನೆಗೆ ಅವನು ಶಫೀಕನ ಅಂಗಡಿಗೆ ಹೋಗಿ, "ಇವನ್ನ ಬಿಚ್ಚಿ ಮದಲಿನ ಸೀಟು ಹಾಕಿ ಕೊಡಪಾ," ಎಂದ.

ಶಫೀಕ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತದೆ ನಕ್ಕ. "ಹೂಂ ಬರವಲ್ದೇನು ಕಾಕಾ?"

"ನಿನಗ್ಯಾರು ಹೇಳಿದ್ರಲೇ?"

"ಹೇಳೂದೇನು, ಟಂಟಂ ಇಲ್ಲೇ ನಿಂದರತಾವು. ಅವ್ವಾರ ಮಾತು ಕೇಳಾಕ ಮಂದಿ ಒಂದು ಗಾಡಿ ಬಿಟ್ಟು ಇನ್ನೊಂದು ಹತ್ತಾಕತ್ತಾರ. ಹುಚ್ಚಪ್ಪನ ನಾದಿನಿ ಸುದ್ದಿ ನಿನ್ನಿಗೆ ಮುಗೀತು."

"ವಾಪಸ್ ಹ್ವಾದಳೇನು?" ಅಂದಪ್ಪ ತಡೆಯಲಾರದೆ ಕೇಳಿದ.

"ಗಂಡನಽ ಇಲ್ಲಿಗೆ ಬಂದಾನ. ಈಗ ಆ ಬಸ್‌ಸ್ಟ್ಯಾಂಡ್ ಹಿಂದಿನ ಕೋಣಿ ಸುದ್ದಿ ನಡದೈತಿ. ಪತ್ರಾಸಿನ ಕೋಣಿ ಅಲ್ಲ ಅದು? ಪಡುವಣ ಬಾಗಲಾ. ಅವ್ವಾರಿಗೆ ಭಾಳ ಮನಸೈತಿ. ನೀವೇನಂದ್ರಿ ಅಂತ ಎಲ್ಲಾರೂ ಕೇಳ್ತಾರ. 'ಅವರು ವಿಚಾರ ಮಾಡಾಕತ್ತಾರ' ಅಂತಾರ, ಮಂದಿ ಬಿದ್ದು ಬಿದ್ದು ನಗತಾರ."

ಅಂದಪ್ಪನಿಗೂ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ತನ್ನ ಹೆಂಡತಿಯ ಮಾತಿಗೆ ಟಂಟಂ ತುಂಬ ಹೂಂಗುಟ್ಟುವವರು. ತಾನೊಬ್ಬನೇ ಅದನ್ನು ಶಫೀಕನ ಬಾಯಿಂದ, ಅರ್ಧಮರ್ಧ ಕೇಳಬೇಕು. ಗೋಡೆಯ ಮೊಳೆಗೆ ಹಳೆಯ ಮೊಪೆಡ್ಡೊಂದರ ಹಿಂದಿನ ಸೀಟು ನೇತುಬಿದ್ದಿತ್ತು. ರೆಗ್ಜಿನ್ನು ಹರಿದಿದ್ದರೂ ಅಡಿಯ ಸ್ಪ್ರಿಂಗುಗಳು ಗಟ್ಟಿ ಇದ್ದವು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತ.

"ಬಿಚ್ಚೂದು ಬ್ಯಾಡ. ಅದನ್ನ ಕ್ಯಾರಿಯರಿಗೆ ಹಾಕು," ಎಂದ.

ಮರುದಿನ ಬೆಳಿಗ್ಗೆ ಶಿಗ್ಲಿಯ ಟಂಟಂ ನಿಲ್ಲುವಲ್ಲಿ ಅಂದಪ್ಪ ಸೈಕಲ್ ಹಿಡಿದು ನಿಂತಿದ್ದ. ಮಾಳವ್ವ ಬಂದು, ಕ್ಯಾರಿಯರ್ ಮೇಲಿನ ದಪ್ಪ ಸೀಟನ್ನು ನೋಡಿ, ಹಿಟ್ಟು ನಾದಿದ್ದು ಹದವಾಯಿತೋ ಇಲ್ಲವೋ ಎಂದು ನೋಡುವ ಹಾಗೆ ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ್ದು ಮೆಲ್ಲಗೆ ಮೇಲೆ ಬಂತು.

"ಇದ್ಯಾರಿಗೆ?"

"ಸಾಮಾನು ಇಡಾಕ."

"ಸಾಮಾನಿಗೆ ಬೆನ್ನು ನೋಯತೈತೇನು?"

"ಕುಂಡ್ರತೀಯೋ, ಟಂಟಂ ಕರೀಲೋ?"

ಟಂಟಂನಲ್ಲಿ ಆಗಲೇ ಕೂತಿದ್ದ ಹೆಂಗಸೊಬ್ಬಳು, "ಮಾಳವ್ವಾ, ಇವತ್ತಿನ ಸುದ್ದಿ ನಮಗ ತಪ್ಪತಲ್ಲಬೇ!" ಎಂದು ಕೂಗಿದಳು. ಮಾಳವ್ವ ಅವಳತ್ತ ಕೈಯಾಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಏರಿ ಕೂತಳು.

ಊರು ದಾಟಿತು. ಸೇತುವೆ ಬಂತು, ಇಬ್ಬರನ್ನೂ ಒಂದೇ ಸಲ ಮೆಲ್ಲಗೆ ತೂಗಿ ಬಿಟ್ಟಿತು. ಆಚೆ ದಡದಲ್ಲಿ ಅಂದಪ್ಪ ಗಂಟಲು ಸರಿಮಾಡಿಕೊಂಡ.

"ಆ ಕೋಣಿ ಬ್ಯಾಡ," ಎಂದ.

"ಏನಂದ್ರಿ?"

"ಬಸ್‌ಸ್ಟ್ಯಾಂಡ್ ಹಿಂದಿನ ಕೋಣಿ ಬ್ಯಾಡ ಅಂದೆ. ಪಡುವಣ ಬಾಗಲಾ, ಮ್ಯಾಲ ಪತ್ರಾಸು. ಮುಂದ ಒಲಿ, ಬೆನ್ನಿಗೆ ಬಿಸಲು. ರೊಟ್ಟಿ ಜೊತಿ ನೀನೂ ಒಣಗಿ ಕಟಕ ಆಗತಿ."

ಇಷ್ಟು ವರ್ಷಗಳಲ್ಲಿ ಈ ರಸ್ತೆಯಲ್ಲಿ ಅವಳ ಮಾತಿಗೆ ಬ್ಯಾಡ ಎಂಬ ಉತ್ತರ ಬಂದದ್ದು ಇದೇ ಮೊದಲು. ಯಾವ ಕುಣಿಯೂ ಅಂಥ ಸದ್ದು ಹೊರಡಿಸಲಾರದು.

"ಅಂದ್ರ ಅಂಗಡಿ ಹಾಕೂದು ಬ್ಯಾಡ?" ಅವಳ ದನಿ ಸಣ್ಣದಾಗಿತ್ತು.

"ಅಂಗಡಿ ಹಾಕು. ಯಾರು ಬ್ಯಾಡಂದಾರ? ಹುಚ್ಚಪ್ಪಗ ಹೇಳಿದ್ದೂ ಚಲೋನ ಆತು. ಕೋಣಿ ಬ್ಯಾರೆ ನೋಡೂಣು."

"ನಿಮಗೇನು ತಿಳೀತೈತಿ ಒಲಿ ಮುಂದಿನ ಸುದ್ದಿ? ಮಧ್ಯಾಹ್ನಕ್ಕ ನನ್ನ ಬಡಿಯೂದು ಮುಗದಿರತೈತಿ. ಬಿಸಲು ಬಂದ್ರ ರೊಟ್ಟಿ ಒಣಗಾಕ ಚಲೋ."

"ಮತ್ತ ಸಂಜೀಕ ಮಾರಾಕ ಯಾರು ಕುಂಡ್ರತಾರ?"

"ನಾ ಕುಂಡ್ರತೇನಿ."

"ಅದನ್ನಽ ನಾ ಹೇಳಾಕತ್ತಿದ್ದು!"

"ಏ, ಮುಂದ ನೋಡಿ ಹೊಡೀರಿ! ಜಗಳಾಡಾಕ ಹಿಂದ ತಿರುಗಬ್ಯಾಡ್ರಿ!"

ಹತ್ತಿ ಬಿಡಿಸುತ್ತಿದ್ದವರು ತಲೆ ಎತ್ತಿ ನೋಡಿದರು. ಲಕ್ಷ್ಮೇಶ್ವರದ ಅಂಚಿನವರೆಗೂ ಜಗಳ ಬಿಡುವಿಲ್ಲದೆ ಸಾಗಿತು. ಅಂದಪ್ಪ ಎರಡು ಸಲ ಅವಳ ಮಾತನ್ನು ಅರ್ಧಕ್ಕೆ ತಡೆದ, ಒಂದು ಸಲ ಸೋತ. ಖಾನಾವಳಿಯ ಮುಂದೆ ಇಳಿದ ಮೇಲೂ ಮಾಳವ್ವ ಹ್ಯಾಂಡಲ್ ಬಿಡಲಿಲ್ಲ. "ಸಂಜೀಕ ಬಂದು ಕಣ್ಣಾರೆ ನೋಡ್ರಿ," ಎಂದಳು. ಮುಖವೆಲ್ಲ ಕೆಂಪಾಗಿತ್ತು, ಹಾಗೆ ನೋಡಿದರೆ ಬಹಳ ದಿನಗಳ ಮೇಲೆ ಚೆನ್ನಾಗಿ ಕಾಣುತ್ತಿದ್ದಳು.

ಸಂಜೆ ಮಿಲ್ಲು ಬಿಟ್ಟು ಅವನು ಬಸ್‌ಸ್ಟ್ಯಾಂಡ್ ಹಿಂದಕ್ಕೆ ಬಂದಾಗ ಅವಳು ಪಕ್ಕದ ಅಂಗಡಿಯಿಂದ ಕೀಲಿ ಇಸಿದುಕೊಂಡು ಬಾಗಿಲು ತೆರೆದಿದ್ದಳು. ಖಾಲಿ ಕೋಣೆ. ಬಾಗಿಲಿನಿಂದ ನುಗ್ಗಿದ ಬಿಸಿಲು ಎದುರಿನ ಗೋಡೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಅಂದಪ್ಪ ನೆಟ್ಟಗೆ ಹೋಗಿ ಬಿಸಿಲು ಬಿದ್ದಲ್ಲಿ ಅಂಗೈ ಒತ್ತಿದ.

"ಇಲ್ಲಿ ಕೈ ಇಟ್ಟು ನೋಡು."

ಮಾಳವ್ವ ಬಳೆ ಹಿಂದಕ್ಕೆ ಸರಿಸಿ, ಅವನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ನಿಧಾನವಾಗಿ, ತಿಳಿದವರು ತೂಕ ನೋಡುವ ಹಾಗೆ ನೋಡಿದಳು.

"ಹಂಚಿಗಿಂತ ತಣ್ಣಗ ಐತಿ."

"ಹಂಚಿನ ಮ್ಯಾಲ ಯಾರೂ ಸಂಜಿತನಾ ಕುಂಡ್ರೂದಿಲ್ಲ."

"ಬಾಗಲಾ ಮುಂದ ನೆರಳಿಗೆ ಒಂದು ತಟ್ಟಿ ಕಟ್ಟಿದ್ರ?"

"ಎಂಥಾ ತಟ್ಟಿ?" ಎಂದು ಕೇಳಿದ ಅಂದಪ್ಪ.

ಅವಳು ಹೇಳತೊಡಗಿದಳು. ಹೊರಗೆ ಬಸ್ಸೊಂದು ಹಾರ್ನ್ ಬಾರಿಸುತ್ತ ತಿರುಗಿಕೊಂಡಿತು. ಹೊತ್ತು ಇಳಿದಂತೆಲ್ಲ ಗೋಡೆಯ ಬಿಸಿಲು ಮೇಲೇರಿ, ಅವರ ಕೈಗಳನ್ನು ದಾಟಿ, ಪತ್ರಾಸಿನ ಅಂಚಿನಲ್ಲಿದ್ದ ಜೇಡನ ಬಲೆಯನ್ನು ಬೆಳಗಿತು. ಇಬ್ಬರೂ ಇನ್ನೂ ಕೈ ತೆಗೆದಿರಲಿಲ್ಲ.