ಐದನೇ ಕುಳಿಯ ಬಳಿ ಆದ ಸಭೆ

ವರ್ಲೀನ್ ಗ್ಯಾಡಿಸ್ ನಡಾವಳಿ ಪುಸ್ತಕವನ್ನು ಚರ್ಚಿಗೆ ಹೋಗುವ ಚೀಲದಲ್ಲಿಟ್ಟುಕೊಂಡು ನಗರಸಭೆಗೆ ಹೊರಟಳು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಒಂದು ದಿನ ತಡ ಮಾಡಿದವಳಲ್ಲ, ಒಂದು ಸುಳ್ಳು ಬರೆದವಳಲ್ಲ. ಪಿಕೆಟ್ ಕ್ರೀಕ್ ಇವತ್ತು ಉಳಿಯುವುದಿದ್ದರೆ ಆ ಪುಸ್ತಕದಿಂದಲೇ ಉಳಿಯಬೇಕಿತ್ತು.

ಓಹಾಯೋ ನದಿಯ ದಂಡೆಯ ಆ ಊರಿಗೆ ನಾಲ್ಕು ಸಾರ್ವಜನಿಕ ಗಾಲ್ಫ್ ಮೈದಾನಗಳು. ಮೂರು ದೊಡ್ಡವು, ಹದಿನೆಂಟು ಕುಳಿಗಳವು. ನಾಲ್ಕನೆಯದು ಪಿಕೆಟ್ ಕ್ರೀಕ್, ಒಂಬತ್ತೇ ಕುಳಿ. ಕಪ್ಪು ಜನರನ್ನು ದೊಡ್ಡ ಮೈದಾನಗಳೊಳಗೆ ಬಿಳಿಯರ ಚೀಲ ಹೊರಲು ಮಾತ್ರ ಬಿಡುತ್ತಿದ್ದ ಕಾಲದಲ್ಲಿ, ವರ್ಲೀನಳ ಅಪ್ಪನೂ ಅವನಂಥ ಹನ್ನೊಂದು ಜನರೂ ಊರಿನ ಕಸದ ತಿಪ್ಪೆಯನ್ನು ಗುದ್ದಲಿ ಹಿಡಿದು ಮಟ್ಟಮಾಡಿ, ಹುಲ್ಲು ಹಾಕಿ, ತಮಗೆಂದು ಮಾಡಿಕೊಂಡ ಜಾಗ ಅದು. ಹುಲ್ಲು ಚೆನ್ನಾಗಿ ಬಂದಮೇಲೆ ನಗರಸಭೆಗೆ ಅದು ತನ್ನದೆಂದು ನೆನಪಾಯಿತು. ತೆಗೆದುಕೊಳ್ಳುವಾಗ ಒಂದು ಮಾತನ್ನಂತೂ ಬರೆದುಕೊಟ್ಟಿತು: ಮೈದಾನದ ನಾಗರಿಕ ಸಮಿತಿ ಬೇಡವೆಂದರೆ ಅದನ್ನು ಮುಚ್ಚುವ ಹಾಗಿಲ್ಲ.

ಈಗ ಕ್ರೇಗ್ ಲಿಂಡ್‌ಕ್ವಿಸ್ಟ್ ಎಂಬ ನಗರಸಭಾ ಸದಸ್ಯ ಪುನರ್‌ರಚನೆಯ ಮಸೂದೆ ತಂದಿದ್ದ. ನಾಲ್ಕು ಸಮಿತಿಗಳನ್ನು ರದ್ದು ಮಾಡಿ ಇಡೀ ಊರಿಗೆ ಒಂಬತ್ತು ಜನರ ಒಂದೇ ಸಮಿತಿ. ಪಿಕೆಟ್ ಕ್ರೀಕಿನ ಮೇಲೆ ಯಾವುದೋ ಗೋದಾಮಿನವರ ಕಣ್ಣು ಬಿದ್ದಿತ್ತೆಂದು ನಾಯಿ ಅಡ್ಡಾಡಿಸಲು ಬರುವವರಿಗೂ ಗೊತ್ತಿತ್ತು. ಮಸೂದೆ ಪಾಸಾಗುವ ಮುಂಚೆ ಹಳೆಯ ಸಮಿತಿ ಮುಚ್ಚುವುದು ಬೇಡವೆಂದು ಠರಾವು ಮಾಡಿದ್ದರೆ ಮೈದಾನ ಉಳಿದಂತೆ. ಮಾಡಿತ್ತು, ಏಪ್ರಿಲ್‌ನಲ್ಲೇ, ಐದಕ್ಕೆ ಐದು ಮತ. ಅದನ್ನು ಬರೆದುಕೊಂಡವಳು ಕಾರ್ಯದರ್ಶಿ ವರ್ಲೀನ್.

ಸಭಾಂಗಣದ ಹೊರಗೆ ಸಮಿತಿಯ ಅಧ್ಯಕ್ಷ ರಾಸ್ಕೋ ಪೆಟ್‌ವೇ ಗೋಡೆಗೆ ಒರಗಿ ನಿಂತಿದ್ದ. ಎಂಬತ್ತನಾಲ್ಕು ವರ್ಷ. ಬೆನ್ನಿನ ಕಾಟದಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾರ. ನಡೆಸಿದರೆ ಮಧ್ಯಾಹ್ನದವರೆಗೂ ನಡೆದಾನು.

“ಪುಸ್ತಕ ತಂದ್ಯೇನಮ್ಮಾ?”

“ತರ್ದೆ ಇರ್ತೀನಾ, ಮಿಸ್ಟರ್ ರಾಸ್ಕೋ? ನೀವು ಹಲ್ಲಿನ ಸೆಟ್ಟು ಹಾಕ್ಕೊಂಡಿದ್ದೀರಾ, ಅದನ್ನ ಹೇಳಿ.”

“ಹಾಕ್ಕೊಂಡಿದ್ದೀನಿ ಕಣೆ. ಇವತ್ತು ಕಚ್ಚೋದಿದೆ.”

ಒಳಗೆ ಅವಳ ಸರದಿ ಬಂದಾಗ ಲಿಂಡ್‌ಕ್ವಿಸ್ಟ್ ಬಾಯ್ತುಂಬ ನಕ್ಕ. “ಬನ್ನಿ ವರ್ಲೀನ್, ಬನ್ನಿ.”

“ಮಿಸೆಸ್ ಗ್ಯಾಡಿಸ್,” ಎಂದಳು ಅವಳು.

“ಆಯ್ತಾಯ್ತು. ನಿಮ್ಮ ಸಮಿತಿ ಇನ್ನೂ ಬದುಕಿದೆಯಾ ಅಂತ ನನಗೊಂದು ಅನುಮಾನ. ಹತ್ತೊಂಬತ್ತು ವರ್ಷದಲ್ಲಿ ನೀವು ಒಂದು ಸಲಾನೂ ಸಭೆಗೆ ಅಂತ ಕೋಣೆ ಕೇಳಿಲ್ವಂತೆ. ಹೆಸರಿಗಷ್ಟೇ ಸಮಿತಿನೋ ಹೇಗೆ?”

ವರ್ಲೀನ್ ಚೀಲದಿಂದ ಪುಸ್ತಕ ಹೊರತೆಗೆದಳು. “ಹೆಸರಿಗಾ? ಒಂದು ಮಂಗಳವಾರ ತಪ್ಪಿಲ್ಲ ನಾವು. ಹಿಮ ಬಿದ್ದಾಗಲೂ ತಪ್ಪಿಲ್ಲ. ಓದ್ತೀನಿ, ಕೇಳಿ!”

“ಓದಿ. ಒಂದಕ್ಷರ ಬಿಡದೆ ಓದಿ.”

ಅವಳು ಕನ್ನಡಕ ಏರಿಸಿ, ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ದನಿಯಲ್ಲಿ ಓದಿದಳು. “ಏಪ್ರಿಲ್ ಹದಿನಾಲ್ಕು, ಮಂಗಳವಾರ. ಏಳೂಕಾಲಿಗೆ ಮೊದಲನೇ ಕುಳಿಯ ದಾರೀಲಿ ಸಭೆ ಆರಂಭ. ಐವರೂ ಹಾಜರು. ಎರಡನೇ ಕುಳಿ: ಕಾಲುಸೇತುವೆ ರಿಪೇರಿಯ ಚರ್ಚೆ. ಅಧ್ಯಕ್ಷರ ಚೆಂಡು ಹಳ್ಳಕ್ಕೆ ಬಿತ್ತು. ಅಧ್ಯಕ್ಷರು ಆಡಿದ ಮಾತನ್ನು ದಾಖಲಿಸಿಲ್ಲ. ಐದನೇ ಕುಳಿ: ಮೈದಾನ ಮುಚ್ಚಕೂಡದೆಂಬ ಠರಾವು. ಐದೂ ಕೈ ಮೇಲೆ. ಒಂಬತ್ತನೇ ಕುಳಿ: ಸಭೆ ಮುಕ್ತಾಯ.”

ಸಭೆ ಗೊಳ್ಳೆಂದಿತು. ವರ್ಲೀನಳೂ ನಕ್ಕಳು, ಪಾಪ. ತನ್ನ ಬರವಣಿಗೆ ಮೆಚ್ಚಿದರೆಂದುಕೊಂಡಳು. ಸತ್ಯಕ್ಕೆ ಸಾವಿಲ್ಲ ಅನ್ನುತ್ತಾರೆ. ಸತ್ಯ ಬರೆದಿಟ್ಟವರ ಗತಿ ಏನೆಂದು ಯಾರೂ ಹೇಳುವುದಿಲ್ಲ. ನಗು ಇಳಿಯುವ ಮೊದಲೇ ನಗರದ ವಕೀಲೆ ಮೈಕು ಎಳೆದುಕೊಂಡಳು.

“ಅಂದ್ರೆ ಆಟ ಆಡ್ತಾ ಸಭೆ ಮಾಡಿದ್ರಿ?”

“ನಡೀತಾ. ಆಟಾನೂ ಇರ್ತಿತ್ತು.”

“ಊರಿನ ಜನ ಬಂದು ಕೇಳೋಕೆ ಜಾಗ ಎಲ್ಲಿತ್ತು? ಗಾಲಿಕುರ್ಚಿಯಲ್ಲಿರೋರು ಐದನೇ ಕುಳಿಗೆ ಹೇಗೆ ಬರ್ಬೇಕಿತ್ತು? ನೋಟೀಸು ಎಲ್ಲಿ ಹಚ್ಚಿದ್ರಿ?”

“ನೋಟೀಸು ಯಾಕಮ್ಮಾ? ಮಂಗಳವಾರ ಬೆಳಗ್ಗೆ ನಾವಲ್ಲಿರ್ತೀವಿ ಅಂತ ಎಲ್ರಿಗೂ ಗೊತ್ತಿದೆ.”

“ಗೊತ್ತಿರೋದು ಬೇರೆ, ಹಚ್ಚೋದು ಬೇರೆ. ಐದು ಜನರ ಸಮಿತೀಲಿ ಮೂವರು ಸೇರಿ ಮಾತಾಡಿದ್ರೆ ಸಾಕು, ಅದು ಸಭೆ. ಜನರಿಗೆ ತೆರೆದಿರದ ಸಭೆಯ ಠರಾವು ನಡೆಯಲ್ಲ. ಇದು ಬಿದ್ದುಹೋಯ್ತು.”

ವರ್ಲೀನ್ ತನ್ನವರು ನಿಂತಿದ್ದ ಹಿಂದಿನ ಸಾಲಿನತ್ತ ತಿರುಗಿದಳು. “ಹಂಗಾದ್ರೆ ಈಗ್ಲೇ ಮಾಡ್ತೀವಿ! ಐವರೂ ಇಲ್ಲೇ ಇದ್ದೀವಿ. ಇಲ್ಲೇ, ಎಲ್ರೆದುರಿಗೆ ಕೈಯೆತ್ತೀವಿ!”

“ಎರಡು ದಿನ ಮುಂಚೆ ನೋಟೀಸು ಹಚ್ಚಬೇಕು, ಮಿಸೆಸ್ ಗ್ಯಾಡಿಸ್.”

ಅಷ್ಟರಲ್ಲಿ ರಾಸ್ಕೋ ಹಿಂದಿನ ಸಾಲಿನಲ್ಲಿ ಕೈಯೆತ್ತಿಬಿಟ್ಟಿದ್ದ. ಅದನ್ನು ಇಳಿಸಬೇಕೋ ಬೇಡವೋ ತಿಳಿಯದೆ ಹಾಗೇ ನಿಂತಿದ್ದ. ಪುನರ್‌ರಚನೆ ಏಳಕ್ಕೆ ಎರಡು ಮತಗಳಿಂದ ಪಾಸಾಯಿತು. “ಆ ಪುಸ್ತಕ ಮ್ಯೂಸಿಯಮ್ಮಿಗೆ ಕೊಡಿ ವರ್ಲೀನ್,” ಎಂದ ಲಿಂಡ್‌ಕ್ವಿಸ್ಟ್. “ಬಹಳ ಮಜವಾಗಿದೆ.”

ಹೊರಗೆ ರಾಸ್ಕೋ ಅವಳ ಜೊತೆ ಮೆಟ್ಟಿಲಿಳಿದ.

“ಬರೀಬೇಕಿತ್ತೇನೆ ಅದನ್ನೆಲ್ಲ?” ಎಂದ.

“ನಡೆದದ್ದನ್ನ ಬರ್ದೆ, ಮಿಸ್ಟರ್ ರಾಸ್ಕೋ.”

“ನಿಮ್ಮಪ್ಪನಿಗೆ ಓದು ಬರಹ ಬರ್ತಿರ್ಲಿಲ್ಲ. ಅವನು ಮೈದಾನ ಕಟ್ಟಿದ. ನೀನು ಕಲಿತೋಳು, ಕಳೆದೆ.”

ಅವಳ ನಾಲಿಗೆ ತುದಿಯಲ್ಲಿ ಉತ್ತರವಿತ್ತು. ಕೂರಲಾರದ ನಿಮ್ಮ ಬೆನ್ನಿಗಾಗಿಯೇ ಅಲ್ಲವೇ ನಾವು ಐವರೂ ಹತ್ತೊಂಬತ್ತು ವರ್ಷ ನಡೆದದ್ದು? ನುಂಗಿಕೊಂಡಳು. ಅವನ ಕಾರಿನ ಬಾಗಿಲು ತೆಗೆದುಕೊಟ್ಟಳು. ಅವನು ಅವಳ ಮುಖ ನೋಡದೆ ಹೊರಟುಹೋದ.

ಇನ್ನೂ ಒಂದು ಆಸೆ ಉಳಿದಿತ್ತು. ಮೈದಾನ ಮುಚ್ಚುವುದೋ ಬಿಡುವುದೋ ಎಂಬುದನ್ನು ಹೊಸ ಸಮಿತಿ ತನ್ನ ಮೊದಲ ಸಭೆಯಲ್ಲಿ, ಜನರ ಅಹವಾಲು ಕೇಳಿಯೇ ತೀರ್ಮಾನಿಸಬೇಕಿತ್ತು. ವರ್ಲೀನ್ ಮೂರು ವಾರ ಮನೆಮನೆ ತಿರುಗಿ ಸಾವಿರದ ನಾನೂರು ಸಹಿ ಕೂಡಿಸಿದಳು. ಹೊಸ ಅಧ್ಯಕ್ಷ ಬೇರೆ ಯಾರು, ಲಿಂಡ್‌ಕ್ವಿಸ್ಟನೇ. ಮನವಿಯನ್ನು ಅವನ ಕೈಗೇ ಕೊಡೋಣವೆಂದು ಕಚೇರಿಗೆ ಹೋದರೆ, ಅವನು ಹೈಲ್ಯಾಂಡ್ ಮೈದಾನದಲ್ಲಿದ್ದಾನೆ ಎಂದರು. ಅವಳ ಅಪ್ಪ ಚೀಲ ಹೊತ್ತ ದೊಡ್ಡ ಮೈದಾನ ಅದೇ.

ಮೂರನೇ ಕುಳಿಯ ಬಳಿ ಎರಡು ಬ್ಯಾಟರಿ ಗಾಡಿಗಳು ನಿಂತಿದ್ದವು. ಲಿಂಡ್‌ಕ್ವಿಸ್ಟ್ ಮತ್ತು ಇನ್ನು ಮೂವರು, ನಾಲ್ವರೂ ಹೊಸ ಸಮಿತಿಯವರೇ. ಪೇಪರಿನಲ್ಲಿ ಅವರ ಮುಖ ನೋಡಿದ್ದಳು. ಹತ್ತಿರ ಹೋಗುವಷ್ಟರಲ್ಲಿ ಮಾತು ಕಿವಿಗೆ ಬಿತ್ತು.

“ಪಿಕೆಟ್ ಕ್ರೀಕ್ ವಿಷಯ ಗುರುವಾರ ಮುಗಿಸಿಬಿಡೋಣ. ನಾವು ನಾಲ್ಕು, ಐದನೆಯವನು ಬ್ರೂಸ್. ಅವನಿಗೆ ನಾನು ಹೇಳಿದ್ದೀನಿ.”

“ಅಹವಾಲು?”

“ಅತ್ತುಕೊಳ್ಲಿ ಬಿಡಿ, ಒಬ್ಬೊಬ್ರಿಗೂ ಎರಡೆರಡು ನಿಮಿಷ.”

ವರ್ಲೀನಳ ಕೈ ತಾನಾಗಿ ಚೀಲಕ್ಕೆ ಹೋಯಿತು. ಪುಸ್ತಕ ತೆರೆದು ಬರೆಯತೊಡಗಿದಳು: ಹೈಲ್ಯಾಂಡ್, ಮೂರನೇ ಕುಳಿ. ನಾಲ್ವರು ಹಾಜರು.

ಲಿಂಡ್‌ಕ್ವಿಸ್ಟ್ ತಿರುಗಿ ನೋಡಿದ. ಗಾಬರಿಯೇನೂ ಆಗಲಿಲ್ಲ ಅವನಿಗೆ. “ಏನು ಬರೀತಿದ್ದೀರಿ, ವರ್ಲೀನ್?”

“ನಡಾವಳಿ. ಇದು ಸಭೆ. ಜನರಿಗೆ ತೆರೆದಿರದ ಸಭೆ ನಡೆಯಲ್ಲ. ನಿಮ್ಮ ವಕೀಲೇನೇ ಹೇಳಿದ್ಳು.”

“ಅಲ್ಲಮ್ಮಾ,” ಎಂದ ಅವನು, ಮಗುವಿಗೆ ಲೆಕ್ಕ ಹೇಳಿಕೊಡುವವನ ಹಾಗೆ. “ನಿಮ್ಮದು ಐದು ಜನರ ಸಮಿತಿ, ಮೂವರು ಸೇರಿದ್ರೂ ಸಭೆ. ನಮ್ಮದು ಒಂಬತ್ತು. ಐದು ಜನ ಸೇರಿದ್ರೆ ಮಾತ್ರ ಸಭೆ. ನಾವು ನಾಲ್ಕೇ ಜನ. ಗಾಲ್ಫಲ್ಲಿ ಒಟ್ಟಿಗೆ ಆಡೋದೇ ನಾಲ್ಕು ಜನ ಅಲ್ವಾ? ಪುನರ್‌ರಚನೇಲಿ ಇದನ್ನೆಲ್ಲ ಯೋಚನೆ ಮಾಡಿದ್ದೀವಿ.”

ಮೂವರು ನಕ್ಕರು. ಸಹಿಯ ಹಾಳೆಗಳನ್ನು ಅವನು ಕೈನೀಡಿ ತೆಗೆದುಕೊಂಡ, ಥ್ಯಾಂಕ್ಸ್ ಎಂದ, ಗಾಡಿಯ ಸೀಟಿನ ಮೇಲೆ ಒದ್ದೆ ಟವೆಲ್ಲಿನ ಪಕ್ಕ ಇಟ್ಟ. ಆಮೇಲೆ ಕೋಲು ಆರಿಸಿಕೊಂಡು ಚೆಂಡಿನ ಮುಂದೆ ನಿಂತ.

“ಸ್ವಲ್ಪ ಸರೀರಿ, ವರ್ಲೀನ್. ಹೊಡೆಯೋ ದಾರೀಲಿದ್ದೀರಿ.”

ಅವಳು ಪುಸ್ತಕವನ್ನು ಎದೆಗವಚಿಕೊಂಡು ಸರಿದು ನಿಂತಳು. ಅವನ ಹೊಡೆತ ಚೆನ್ನಾಗಿ ಬಿತ್ತು. ಬದಿಯಲ್ಲಿ ನಿಂತು ನೋಡುತ್ತಿದ್ದವಳು, ಅಭ್ಯಾಸಬಲದಿಂದ, ಅದನ್ನೂ ಬರೆದುಕೊಂಡಳು.