ಲಿಫ್ಟ್ ಮಾಮನ ಬಾಡಿಗೆದಾರರು

ಅದೇ ಲೋಟಗಳನ್ನು ಮತ್ತೆ ತಿಕ್ಕಲು ಹೊರಟಿದ್ದ ಸೋದರತ್ತೆಯ ಕೈಯಿಂದ ಲಿಫ್ಟ್ ಮಾಮನ ಮಗಳು ಸೋಪು ಕಿತ್ತುಕೊಂಡಳು.

"ಸಾಕು ಬಿಡತ್ತೆ, ಲೋಟ ಸವೆದು ಹೋಗುತ್ತೆ."

"ಯಾರೂ ಕಾಫಿ ಮುಟ್ತಿಲ್ಲ ಕಣೇ. ಎಲ್ಲ ಹಾಗೇ ತಣ್ಣಗಾಗಿ ಕೂತಿದೆ, ನೋಡಿದ್ಯಾ?"

ನೋಡದೆ ಏನು? ನಡುಮನೆಯಲ್ಲಿ ಅಪ್ಪ ಮಲಗಿದ್ದ. ಅವಳೇ ಹೊಲಿದ ನೀಲಿ ಅಂಗಿ ತೊಟ್ಟಿದ್ದ. ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುತ್ತ ಮಾಡುತ್ತ ಊರಿಗೆಲ್ಲ ಲಿಫ್ಟ್ ಮಾಮ ಆದವನು. ಬಂದವರು ಅವನಿಗೆ ಕೈಮುಗಿದು ಗೋಡೆಗೆ ಒರಗಿ ಕೂರುತ್ತಿದ್ದರು, ಲೋಟದ ಕಡೆ ಮಾತ್ರ ಕೈ ಚಾಚುತ್ತಿರಲಿಲ್ಲ.

"ಹೊಟ್ಟೇಲಿ ಹುಳ ಸಾಕ್ಕೊಂಡಿದ್ರಂತಲ್ರೀ," ಎಂದು ಪಕ್ಕದ ಮನೆಯಾಕೆ ಪಿಸುಗುಟ್ಟಿದಳು. ಆಕೆಯ ಪಿಸುಮಾತು ಬೀದಿ ಕೊನೆಗೂ ಕೇಳುವಂಥದ್ದು.

"ಅಯ್ಯಯ್ಯೋ! ಅದೇ ತಿಂದು ಹಾಕಿರ್ಬೇಕು ಪಾಪ," ಎಂದ ದಿನಸಿ ಅಂಗಡಿಯವನು.

ಮಗಳು ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ಅಪ್ಪ ಹೋಗಿದ್ದು ಹೃದಯ ನಿಂತು. ಆ ಹುಳ ಲೋಟದಿಂದ ಯಾರಿಗೂ ಬರಲ್ಲ. ಬೇಕಾದ್ರೆ ಕಾಫಿ ಕುಡೀರಿ, ಬೇಡದಿದ್ರೆ ಬಿಡಿ. ಅಪ್ಪನ ಎದುರಿಗೆ ಈ ಮಾತು ಬೇಡ."

ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮುದುಕನೊಬ್ಬ ಎದ್ದು, ತಣ್ಣಗಾದ ಕಾಫಿಯನ್ನು ಗಟಗಟ ಕುಡಿದು, ಇನ್ನೊಂದು ಲೋಟಕ್ಕೂ ಕೈ ಹಾಕಿದ.

*

ಅಮ್ಮನದು ಕರುಳಿನ ಕಾಯಿಲೆ. ರೋಗಾಣುಗಳ ಮೇಲೆ ಬೀಳಬೇಕಾದ ಮೈಯ ಕಾವಲು ಅವಳ ಕರುಳಿನ ಮೇಲೇ ಬಿದ್ದಿತ್ತು. ಅನ್ನ ಕಂಡರೆ ಹೆದರುವಷ್ಟು ಸೊರಗಿ ಹೋದಳು. ಅವಳು ಹೋದ ಮೇಲೆ ಅಪ್ಪ ವರ್ಷವಿಡೀ ಮಂಕಾಗಿದ್ದ. ಒಂದು ದಿನ ಸಂಶೋಧನಾಲಯದ ಲಿಫ್ಟ್ ರಿಪೇರಿಗೆ ಹೋದವನು, ಅಲ್ಲಿಯ ಡಾಕ್ಟರಮ್ಮನ ಜೊತೆ ಮಾತಿಗೆ ಕೂತು, ಮನೆಗೆ ಬರುವಾಗ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕರುಳಿನಲ್ಲಿ ಬದುಕುವ ಕೊಕ್ಕೆಹುಳದ ಮರಿಗಳನ್ನು ಮೈಗೆ ಬಿಟ್ಟುಕೊಳ್ಳುವ ನಿರ್ಧಾರ ಮಾಡಿದ್ದ.

"ಹುಳ ಬಿಟ್ಕೊಳ್ತೀಯಾ? ನಿನಗೇನು ತಲೆ ಕೆಟ್ಟಿದೆಯಾ?" ಎಂದು ಅತ್ತೆ ರಂಪ ಮಾಡಿದಳು.

"ಬಾಡಿಗೆಗೆ ಬಂದೋರು ಓನರಿಗೆ ಸಿಟ್ಟು ಬರದ ಹಾಗೆ ನೋಡ್ಕೋತಾರಲ್ಲ, ಇವೂ ಹಾಗೇ ಕಣೇ. ತಮ್ಮನ್ನ ಹೊರಗೆ ಹಾಕಬಾರದು ಅಂತ ಮೈಯ ಕೋಪಾನ ಇಳಿಸಿ ಇಟ್ಟಿರ್ತವಂತೆ. ಹೇಗೆ ಇಳಿಸ್ತವೆ ಅಂತ ಗೊತ್ತಾದ್ರೆ, ಅವಳಂಥೋರಿಗೆ ಔಷಧಿ ಸಿಕ್ಕೀತು."

"ಸಿಗದಿದ್ರೆ?"

"ಸಿಗದಿದ್ರೆ ಸಿಗಲ್ಲ ಅಂತ ಗೊತ್ತಾಗುತ್ತೆ. ಅದಕ್ಕೂ ಯಾರಾದ್ರೂ ಮೈ ಕೊಡ್ಬೇಕಲ್ಲ!"

ಹುಳ ಹೆಚ್ಚಾದರೆ ರಕ್ತ ಹೀರುತ್ತವೆ, ಅದಕ್ಕೇ ಬೆರಳೆಣಿಕೆಯಷ್ಟೇ ಬಿಟ್ಟಿದ್ದರು. ಆಗಾಗ ರಕ್ತ ಪರೀಕ್ಷೆ. ವಾರವಾರ ಅಪ್ಪ ಮಲದ ಡಬ್ಬಿಯನ್ನು ಟಿಫಿನ್ ಚೀಲದಲ್ಲಿಟ್ಟುಕೊಂಡು, ಠೀವಿಯಿಂದ ಬಸ್ಸು ಹತ್ತುತ್ತಿದ್ದ. ಅದರಲ್ಲಿದ್ದ ಮೊಟ್ಟೆಗಳಿಂದ ಸಂಶೋಧನಾಲಯದವರು ಮರಿ ಮಾಡಿಸಿ, ಪ್ರಯೋಗಕ್ಕೆ ಬಂದವರಿಗೆ ಕೊಡುತ್ತಿದ್ದರು. ಅತ್ತೆ ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ತಂದು ಅಣ್ಣನ ಕೈಗೆ ಕೊಡುವಳು. ಅವನು ನಗುನಗುತ್ತ ಇಸಿದುಕೊಂಡು ಕಿಟಕಿಯಾಚೆ ಎಸೆಯುವನು.

*

ಡಾಕ್ಟರಮ್ಮ ಬಂದವಳೇ ಅಪ್ಪನ ಕಾಲ ಬಳಿ ಕೈಮುಗಿದು ನಿಂತಳು. ಮಗಳು ಅವಳನ್ನು ಅಡುಗೆಮನೆಗೆ ಕರೆದಳು.

"ಮರಿ ಇನ್ನೂ ಇವೆಯಾ?"

"ಈಗ ಆ ಮಾತು ಬೇಡಮ್ಮ."

"ಇವೆಯಾ ಹೇಳಿ."

ಡಾಕ್ಟರಮ್ಮ ತಲೆ ತಗ್ಗಿಸಿದಳು. ಅಪ್ಪ ಆಸ್ಪತ್ರೆ ಸೇರಿದ ಮೇಲೆ ಡಬ್ಬಿ ಬಂದಿರಲಿಲ್ಲ. ಹಳೆಯ ಮರಿಗಳಲ್ಲಿ ಬಹಳಷ್ಟು ಸತ್ತಿದ್ದವು, ಉಳಿದವು ಇವತ್ತೋ ನಾಳೆಯೋ ಅನ್ನುವ ಹಾಗಿದ್ದವು. ಪ್ರಯೋಗಕ್ಕೆ ಬಂದವರು ಅದು ಮುಗಿದೊಡನೆ ಮಾತ್ರೆ ನುಂಗುತ್ತಿದ್ದರು, ಹಾಗಾಗಿ ಬೇರೆ ಯಾರ ಹೊಟ್ಟೆಯಲ್ಲೂ ಈ ಹುಳ ಉಳಿದಿರಲಿಲ್ಲ. ಅವು ಸತ್ತರೆ ಅಪ್ಪ ಇಷ್ಟು ವರ್ಷ ಹೊತ್ತದ್ದೆಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ಹಾಗಿದ್ರೆ ಇವತ್ತೇ ಬರ್ತೀನಿ. ಪರೀಕ್ಷೆ ಎಲ್ಲ ಆಗಿದೆ, ಮೊನ್ನೆ ಒಪ್ಪಿಗೆ ಪತ್ರಕ್ಕೆ ಸಹಿನೂ ಹಾಕಿದ್ದೀನಿ."

"ದುಃಖದಲ್ಲಿದ್ದೀರಿ. ಬೇಡ ಅನ್ಸಿದ್ರೆ ಈಗಲೂ ಬೇಡ ಅನ್ನಬಹುದು. ಯಾರೂ ತಪ್ಪು ತಿಳ್ಕೊಳಲ್ಲ."

"ಮೊನ್ನೆ ದುಃಖದಲ್ಲಿರಲಿಲ್ಲವಲ್ಲ. ನಿನ್ನೆ ಸಂಜೆ ಆಸ್ಪತ್ರೆಗೆ ಹೋಗಿ ಅಪ್ಪನಿಗೆ ಹೇಳೋಣ ಅಂತಿದ್ದೆ..." ನಿನ್ನೆ ಮಧ್ಯಾಹ್ನವೇ ಅಪ್ಪ ಹೋಗಿಬಿಟ್ಟಿದ್ದ. ಹೇಳಿದ್ದರೆ ಅವನ ಮುಖ ಹೇಗಾಗುತ್ತಿತ್ತೋ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಸತ್ತವನ ಹುಳಾನ ಮೈಗೆ ಬಿಟ್ಕೊಳ್ತೀಯಾ? ಅತ್ತಿಗೆ ಹೋದ್ಲು, ಅಣ್ಣ ಹೋದ. ನನಗೆ ಇನ್ಯಾರೇ ಇದ್ದಾರೆ?"

"ನನಗೇನೂ ಆಗಲ್ಲ ಅತ್ತೆ. ಹೆಚ್ಚುಕಮ್ಮಿ ಆದ್ರೆ ಒಂದು ಮಾತ್ರೆ ನುಂಗಿದ್ರೆ ಹೋಗ್ತವೆ."

"ಅವನೂ ಹೀಗೇ ಅಂತಿದ್ದ! ನುಂಗಿದ್ನಾ?"

"ಅಮ್ಮ ಕೊನೆಗೆ ನೀರಿಗೂ ಹೆದರ್ತಿದ್ಲು. ನೀನೇ ಚಮಚದಲ್ಲಿ ಕುಡಿಸ್ತಿದ್ದೆ," ಎಂದಳು ಮಗಳು. ಅತ್ತೆ ಮುಖ ತಿರುಗಿಸಿದಳು. ಅಷ್ಟರಲ್ಲಿ ಹೊರಗೆ ಗಾಡಿ ಬಂದು ನಿಂತಿತು.

*

ಅಪ್ಪನನ್ನು ಮಣ್ಣು ಮಾಡಿ ನೇರ ಸಂಶೋಧನಾಲಯಕ್ಕೇ ಹೋದರು. ಅದರ ಬಾಗಿಲಲ್ಲಿ ಅತ್ತೆ, "ನಾನು ಒಳಗೆ ಬರಲ್ಲ, ನನ್ನ ಕೈಲಿ ನೋಡೋಕಾಗಲ್ಲ," ಎಂದು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟಳು.

ಒಳಗೆ ಡಾಕ್ಟರಮ್ಮ ಗಾಜಿನ ತಟ್ಟೆಯಿಂದ ಉಳಿದ ಮರಿಗಳಿದ್ದ ನೀರನ್ನು ಹನಿ ಹನಿಯಾಗಿ ಎಳೆದು ಬಟ್ಟೆಯ ಪಟ್ಟಿಗೆ ಬಿಟ್ಟಳು. ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಆ ಪಟ್ಟಿಯನ್ನು ಮಗಳ ಎಡಗೈಗೆ ಒತ್ತಿ ಕಟ್ಟಿದಳು.

"ಚರ್ಮದೊಳಗೆ ಇಳಿಯುವಾಗ ತುರಿಸುತ್ತೆ. ಜೋರಾಗೇ ತುರಿಸುತ್ತೆ. ಕೆರೀಬೇಡಿ."

ಸ್ವಲ್ಪ ಹೊತ್ತಿಗೆ ಶುರುವಾಯಿತು. ಮೊದಲು ಚುರುಚುರು, ಆಮೇಲೆ ಪಟ್ಟಿಯ ಕೆಳಗೆಲ್ಲ ಉರಿ. ಅವಳಿಗೆ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ಬಾರದೆ ಇದ್ದ ಅಳು ಅದರ ಹಿಂದೆಯೇ ಉಕ್ಕಿ ಬಂತು. ಬಲಗೈ ತನಗೆ ತಾನೇ ಎಡಗೈ ಕಡೆ ಹೊರಟಿತು.

ಬಾಗಿಲು ದಡಾರನೆ ತೆರೆಯಿತು. ಅತ್ತೆ ಚಪ್ಪಲಿ ಸಮೇತ ಒಳಗೆ ಬಂದು, ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ಆ ಬಲಗೈಯನ್ನು ಹಿಡಿದು ತನ್ನ ಮಡಿಲಿಗೆಳೆದುಕೊಂಡು, ಅಲುಗಾಡದ ಹಾಗೆ ಎರಡೂ ಕೈಯಿಂದ ಅದುಮಿ ಹಿಡಿದಳು.